ಎತ್ತಿನ ಸೋಮವಾರ, ಅವಳ ಭಾನುವಾರ

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲದ ಹದ ಆರಿಹೋಗುತ್ತಿದ್ದರೂ ಸರಿಯೇ, ಅಂದು ಬಸವಣ್ಣನಿಗೆ ರಜೆ. ಮದುವೆಯಾಗಿ ನೊಣವಿನಕೆರೆ ಪಕ್ಕದ ಈ ಊರಿಗೆ ಬಂದ ಹೊಸದರಲ್ಲಿ ಈ ಪದ್ಧತಿ ನನಗೆ ಬಹಳ ಹಿಡಿಸಿತ್ತು. ಬಂದವರಿಗೆಲ್ಲ ಹೇಳಿಕೊಂಡು ಮೆರೆಯುತ್ತಿದ್ದೆ.

ಸೋಮವಾರ ಆ ಎತ್ತುಗಳ ಮೈ ತೊಳೆಯುವವಳು ನಮ್ಮ ಮನೆಗೆಲಸದ ಹೆಂಗಸು. ದಿನದ ಪಾತ್ರೆ, ಕಸ, ಕೊಟ್ಟಿಗೆಯ ಜೊತೆಗೆ ಅಂದು ಅದೊಂದು ಹೆಚ್ಚಿನ ಕೆಲಸ. ಅವಳಿಗೆ ವಾರದ ರಜೆ ಎಂಬುದೇ ಇರಲಿಲ್ಲ, ಅದು ನನಗೆ ಹೊಳೆಯಲೂ ಇಲ್ಲ. ನಾನೇನು ಅಕ್ಷರ ಬಾರದವಳಲ್ಲ. ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಒಂದು ಭಾನುವಾರ ಪರೀಕ್ಷೆಯ ಕೆಲಸಕ್ಕೆ ಹಾಕಿದರೆ ಪ್ರಾಂಶುಪಾಲರ ಮೇಲೆ ಜಗಳಕ್ಕೆ ಹೋಗುತ್ತೇನೆ.

ಹೋದ ವರ್ಷ ಅವಳ ಮಗಳು ಚಿಕ್ಕನಾಯಕನಹಳ್ಳಿಯ ಹಾಸ್ಟೆಲ್ ಸೇರಿದಳು. ಗಂಡ ಇಲ್ಲದ ಅವಳಿಗೆ ಇರುವುದು ಆ ಮಗಳೊಬ್ಬಳೇ. ತಂದೆತಾಯಿ ಮಕ್ಕಳನ್ನು ನೋಡಲು ಭಾನುವಾರ ಮಾತ್ರ ಬಿಡುತ್ತಿದ್ದರು.

"ಅಕ್ಕ, ಭಾನ್ವಾರ ಒಂದಿನ ಬುಟ್ರೆ ಮಗೀನ ನೋಡ್ಕಂಡ್ ಬತ್ತೀನಿ. ಕಾಯ್ತಾ ಕುಂತಿರ್ತಾಳೆ" ಎಂದು ಕೇಳಿದಳು.

"ಹೋಗೀವಂತೆ ಕಣೇ, ಈ ವಾರ ಒಂದು ಬುಡು" ಎಂದೆ.

ಆ ವಾರ ನೆಂಟರಿದ್ದರು. ಮುಂದಿನ ವಾರ ಕಾಯಿ ಕೀಳುವವರಿಗೆ ಅಡುಗೆಯಾಗಬೇಕಿತ್ತು. ಆಮೇಲೆ ನನ್ನ ಮಂಡಿನೋವು. ಒಂದೂ ಸುಳ್ಳಲ್ಲ. ಹಾಗಾಗಿಯೇ ನನಗೆ ಅಳುಕಿರಲಿಲ್ಲ. ದಸರೆ ಕಳೆಯಿತು, ಅವಳು ಕೇಳುವುದನ್ನೇ ಬಿಟ್ಟಳು.

ಒಂದು ಸಂಜೆ ಟೀವಿಯಲ್ಲಿ ಮನೆಗೆಲಸದವರ ಕಾನೂನಿನ ಚರ್ಚೆ ಬಂತು. ಮನೆಯ ಯಜಮಾನರು ವಾರಕ್ಕೊಂದು ರಜೆ ಕೊಡಲೇಬೇಕು ಎಂದು ಯಾರೋ ವಾದಿಸುತ್ತಿದ್ದರು. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಅದಿನ್ನೂ ಕಾನೂನಾಗಿಲ್ಲ ಬುಡೇ. ಆಗ್ಲಿ, ಆಮೇಲ್ ನೋಡಣ" ಎಂದು ನನ್ನ ಗಂಡ ಚಾನೆಲ್ ಬದಲಾಯಿಸಿದರು. ಅವಳು ತಲೆ ತಗ್ಗಿಸಿ ಜರಡಿ ಆಡಿಸತೊಡಗಿದಳು. ನನಗೆ ನಾಚಿಕೆಯಾಯಿತು. ಬಸವಣ್ಣನ ರಜೆಗೆ ಯಾವ ಸರ್ಕಾರ ಆದೇಶ ಹೊರಡಿಸಿತ್ತು?

"ಈ ಭಾನುವಾರ ಹೋಗಿ ಬಾರೇ. ಯಾರೇ ಬರ್ಲಿ, ನಾನ್ ನೋಡ್ಕೋತೀನಿ" ಎಂದೆ. ಅವಳು ಹಿಂದಿನ ದಿನವೇ ಕೊಬ್ಬರಿಮಿಠಾಯಿ ಮಾಡಿ ಡಬ್ಬಿಗೆ ತುಂಬಿಕೊಂಡಳು. ಮೊದಲ ಬಸ್ಸಿಗೆ ಹೊರಟೂಬಿಟ್ಟಳು.

ಅಂದೇ ನನ್ನ ನಾದಿನಿಯ ಮನೆಯವರೆಲ್ಲ ಊಟಕ್ಕೆ ಬರಬೇಕೇ! ಬಡಿಸಿ ಕಳಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಹಿತ್ತಿಲ ತುಂಬ ಮುಸುರೆ ಪಾತ್ರೆ. ಸಂಜೆ ಬರುತ್ತೇನೆಂದಿದ್ದವಳು ಬಿಸಿಲಿರುವಾಗಲೇ ಬಂದಳು. ಡಬ್ಬಿ ಕೈಯಲ್ಲೇ ಇತ್ತು.

"ಯಾಕೇ, ಇಷ್ಟು ಬೇಗ?"

"ಅವ್ಳಿರ್ಲಿಲ್ಲ ಅಕ್ಕ. ಗೆಳತಿ ಅವ್ವ ಬಂದಿತ್ತಂತೆ, ಅವ್ರ ಜೊತೆ ಅವರೂರಿಗೆ ಹೋಗವ್ಳೆ. ನಮ್ಮವ್ವ ಎಂಗೂ ಬರಕಿಲ್ಲ ಅಂತ ವಾರ್ಡನ್ನಿಗೆ ಹೇಳಿದ್ಲಂತೆ."

ನನ್ನನ್ನು ಬೈದಿದ್ದರೂ ಆಗುತ್ತಿತ್ತು. ಅವಳು ಡಬ್ಬಿ ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಪಾತ್ರೆಯ ಮುಂದೆ ಕುಳಿತಳು. ಇವತ್ತು ನಿನಗೆ ರಜೆ, ಏಳು ಅನ್ನಬೇಕಿತ್ತು. ಅನ್ನಲಿಲ್ಲ. ಅವಳು ಗೇಟು ತೆಗೆದು ಬಂದಾಗ, ಏನಾಯಿತೆಂದು ಕೇಳುವುದಕ್ಕೂ ಮೊದಲು, ಸದ್ಯ ಬಂದಳಲ್ಲ ಎಂದು ನನಗೆ ಖುಷಿಯಾಗಿತ್ತು.