ಆ ನಾಯಕಿಗೆ ತಮ್ಮನೇ ಇರಲಿಲ್ಲ

ಕಳೆದ ಮಂಗಳವಾರ ನಾನು ಅಂಕೋಲೆಯಲ್ಲಿ ಇಳಿಯಲಿಲ್ಲ. ಹದಿನೆಂಟು ವರ್ಷಗಳಿಂದ ಕಾರವಾರದ ಆಫೀಸಿನಿಂದ ಅದೇ ಬಸ್ಸು, ಅದೇ ಸ್ಟ್ಯಾಂಡು. ಆದರೂ ಕಂಡಕ್ಟರ್ "ಸಾರ್, ಇವತ್ತೆಂತ ಕುಮಟೆಗಾ?" ಎಂದಾಗಲೇ ತಲೆ ಎತ್ತಿದ್ದು. ಬಸ್ಸು ಅಂಕೋಲೆ ದಾಟಿ ಬಾಳೆಗುಳಿಯಲ್ಲಿತ್ತು.

ಕಾರಣ, ಹಳೆ ಪೇಪರಿನ ಬೈಂಡ್ ಹಾಕಿದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ. (ಬೈಂಡ್ ಹಾಕಿದವನು ನಾನೇ. ಮುಖಪುಟದಲ್ಲಿ ಕತ್ತಿ ಹಿಡಿದ ಹುಡುಗಿ, ಹಿಂದೆ ಬೆಂಕಿ ಕಾರುವ ಹಕ್ಕಿ. ಯೂನಿವರ್ಸಿಟಿಯಲ್ಲಿ ತತ್ವಶಾಸ್ತ್ರ ಓದಿ, ದೇವರನ್ನೂ ಜಾತಕವನ್ನೂ ಒಂದೇ ಏಟಿಗೆ ತಳ್ಳಿಹಾಕಿದವನು ಅದನ್ನು ಎಲ್ಲರೆದುರು ಓದುವುದು ಹೇಗೆ?)

ಪುಸ್ತಕ ಕೊಟ್ಟವಳು ಮಗಳು ಮೇಘನಾ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಪಿಯುಸಿಗೆ ಅವಳಿಗೆ ಬೇಕಾದ ವಿಷಯ ಇರುವುದು ಕಾರವಾರದ ಕಾಲೇಜಿನಲ್ಲಿ. "ಬೆಳಗ್ಗೆ ನಿನ್ನ ಸಂಗ್ತಿಗೇ ಬತ್ತೆ ಅಪ್ಪಾ. ಮಧ್ಯಾಹ್ನ ಒಬ್ಳೇ ವಾಪಸ್ ಬತ್ತೆ" ಎಂದಳು. ನಾನು "ನೋಡ್ವ" ಎಂದೆ. ಅಪ್ಪಂದಿರು "ನೋಡ್ವ" ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕೆ? ಅರ್ಜಿಯ ಫಾರ್ಮು ಎರಡು ವಾರ ಟಿವಿ ಮೇಲೆ ಬಿದ್ದುಕೊಂಡಿತ್ತು. ಕೊನೆಯ ದಿನ ಸೋಮವಾರ.

ಆಗ ಅವಳು ಈ ಪುಸ್ತಕ ತಂದಿಟ್ಟಳು. "ಇದ ಓದಿ ಆಮೇಲೆ ಹೇಳು. ಇವ್ಳೂ ನನ್ನ ವಯಸ್ಸಿನವ್ಳೇ. ಒಬ್ಳೇ ಮೂರು ಸಮುದ್ರ ದಾಟ್ತಾಳೆ. ನಾ ಕೇಳ್ತಾ ಇರೂದು ಬರೀ ಅಂಕೋಲೆ ಬಸ್ಸು."

ಓದಿದೆ. ನಾಯಕಿಯ ಬಗ್ಗೆ ಏನು ಹೇಳಲಿ? ಮೊದಲ ನೂರು ಪುಟ ಸಿಟ್ಟು ಬಂತು. ಹಿರಿಯರಿಗೆ ಎದುರುತ್ತರ. ಮಾಡಿದ್ದೆಲ್ಲ ಸರಿ. ಆರು ನೂರು ಪುಟಗಳಲ್ಲಿ ಒಮ್ಮೆಯೂ ಕೂತು ಊಟ ಮಾಡುವುದಿಲ್ಲ. (ಸಮುದ್ರದ ಮೇಲೆ ತಿಂಗಳುಗಟ್ಟಲೆ ಇದ್ದೂ ಒಂದು ಬಂಗಡೆ ಮೀನನ್ನೂ ಮುಟ್ಟದವಳನ್ನು ನಮ್ಮ ಕಡೆಯವರು ನಂಬುವುದು ಹೇಗೆ?) ಆದರೆ ಅವಳು ಬಿರುಗಾಳಿಗೆ ಸಿಕ್ಕಾಗ ನಾನು ಊರು ತಪ್ಪಿ ಇಳಿದೆ. ಇದನ್ನೂ ಹೇಳಬೇಕಲ್ಲ.

ಭಾನುವಾರ ಬೆಳಿಗ್ಗೆ ತೀರ್ಪು ಕೊಟ್ಟೆ. "ಧೈರ್ಯ ಉಂಟು, ಒಪ್ದೆ. ಆದ್ರೆ ಜವಾಬ್ದಾರಿ ಇಲ್ಲ. ಸಣ್ಣ ತಮ್ಮನ್ನ ನದಿ ದಂಡೆಲಿ ಅಳ್ತಾ ಬಿಟ್ಟು ತಾನು ದೋಣಿ ಹತ್ತಿ ಹೋದ್ಲಲ್ಲ? ಒಬ್ಬೊಬ್ರೇ ಓಡಾಡೂಕೆ ಬಿಟ್ರೆ ಹೀಗೇ ಆಗೂದು."

ಮೇಘನಾ ನನ್ನನ್ನು ದಿಟ್ಟಿಸಿದಳು. "ಯಾವ ತಮ್ಮ?"

"ಅವ್ಳ ತಮ್ಮ."

"ಅಪ್ಪಾ, ಅವ್ಳಿಗೆ ತಮ್ಮನೇ ಇಲ್ಲ."

ಹುಡುಕಿದೆ. ಊಟದ ಹೊತ್ತಿನವರೆಗೂ ಹುಡುಕಿದೆ. ತಮ್ಮ ಇಲ್ಲ, ನದಿಯೂ ಇಲ್ಲ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಅದು ಪುಸ್ತಕದ ಕಥೆ ಅಲ್ಲ ಮಾರಾಯ್ರೇ. ನಿಮ್ಮ ಅಕ್ಕನ ಕಥೆ. ಮದ್ವೆಯಾದಾಗಿಂದ ಕೇಳ್ತಾ ಇದ್ದೆ."

ಹೌದಲ್ಲ! ಕಾಳಿ ನದಿಗೆ ಸೇತುವೆ ಆಗುವ ಮೊದಲಿನ ಮಾತು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾರು. ಸದಾಶಿವಗಡದ ಅತ್ತೆಯ ಮನೆಗೆ ಹೊರಟಿದ್ದೆವು. ಕೋಡಿಬಾಗದಲ್ಲಿ ತಾರಿ ದೋಣಿ ಹತ್ತಿ ಹೊಳೆ ದಾಟಬೇಕು. ಅಕ್ಕ ನನ್ನನ್ನು ದಂಡೆಯಲ್ಲೇ ಬಿಟ್ಟು ದೋಣಿ ಹತ್ತಿ ಹೋಗಿಬಿಟ್ಟಳು. ಮೂವತ್ತೈದು ವರ್ಷ ನಾನು ಮರೆಯದ ಗಾಯ. ಅದನ್ನೇ ಆ ಪಾಪದ ನಾಯಕಿಯ ತಲೆಗೆ ಕಟ್ಟಿದ್ದೆ.

ಅಕ್ಕ ಈಗ ಇರುವುದು ಸದಾಶಿವಗಡದಲ್ಲೇ. ಫೋನ್ ಮಾಡಿ, ಈ ಎಡವಟ್ಟನ್ನು ತಮಾಷೆಯಾಗಿ ಹೇಳಿದೆ.

ಅವಳು ನಗಲಿಲ್ಲ. "ನಾ ಬಿಟ್ಟು ಹೋದ್ನಾ? ತಮಾ, ನಾ ದೋಣಿ ಚೀಟಿ ತರೂಕೆ ಹೋದಾಗ ಮುಂದೆ ಕೂರ್ಬೇಕು ಹೇಳ್ಕಂಡಿ ಹಾರಿ ಹತ್ತಿದವ ನೀನು. ದೋಣಿ ಹೊರ್ಟ್ರೂ ಬಾಯಿ ಬಿಡ್ಲಿಲ್ಲ. ಮೀನು ಮಾರೂ ಹೆಂಗ್ಸು ಒಬ್ಳು ಕೈ ಹಿಡ್ದು ಅತ್ತೆ ಮನೆಗೆ ಮುಟ್ಸದ್ಲು. ಅಲ್ಲಿ ಹೋಗಿ ಎಂತ ಹೇಳ್ದೆ? ಅಕ್ಕ ನನ್ನ ಬಿಟ್ಟು ಎಲ್ಲೋ ಹೋದ್ಲು!"

"ಅದು ನಿನ್ನ ನೆನಪು ಅಕ್ಕಾ" ಎಂದೆ. ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಕಲಿತವನಲ್ಲವೆ ನಾನು? "ನಂಗೆ ಕಣ್ಣಿಗೆ ಕಟ್ದ ಹಾಗೆ ಉಂಟು. ನೀನು ಸಣ್ಣಗೆ, ಸಣ್ಣಗೆ ಆಗ್ತಾ ಹೋದೆ. ಕೈಯಲ್ಲಿ ಚೀಟಿ. ನಿನ್ನ ಹಿಂದೆ ಕೋಡಿಬಾಗದ ತೆಂಗಿನ ಮರ..."

ಅಲ್ಲಿಗೆ ನಿಲ್ಲಿಸಿದೆ. ದೋಣಿಯಲ್ಲಿ ಹೋಗುವವಳ ಹಿಂದೆ ನೀರಿರಬೇಕು. ಅವಳ ಹಿಂದೆ ತೆಂಗಿನ ಮರ ಹೇಗೆ ಬಂತು? ದಂಡೆಯಲ್ಲಿ ನಿಂತವಳು ಅವಳು. ದೂರ ಹೋದವನು ನಾನು.

ಸಾಕ್ಷಿ ಮೂವತ್ತೈದು ವರ್ಷ ನನ್ನ ತಲೆಯೊಳಗೇ ಇತ್ತು. ಅದನ್ನು ತಿರುಗಿಸಿ ನೋಡುವ ಗೋಜಿಗೇ ಹೋಗಿರಲಿಲ್ಲ, ಈ ಮಹಾ ಸಂದೇಹವಾದಿ.

"ಅಪ್ಪ ಹೊಡ್ದಿದ್ದು ಬಿಡು" ಅಕ್ಕ ಮುಂದುವರಿಸಿದಳು. "ಆ ವರ್ಷ ಟ್ರೇನಿಂಗಿಗೆ ಕಾರವಾರಕ್ಕೆ ಕಳ್ಸು ಹೇಳಿ ಕೇಳ್ತಿದ್ದೆ. ಶಾಲೇಲಿ ಕಲ್ಸೂ ಅಕ್ಕೋರಾಗೂಕೆ ಆಸೆ. ಅಪ್ಪ, ನೋಡ್ವ ಅಂದಿದ್ರು. ಇದಾದ ಮೇಲೆ, ಒಬ್ಬ ತಮ್ಮನ್ನ ದಾಟಸೂಕೆ ಆಗದವಳು ಎಲ್ಲಿಗೂ ಹೋಗೂದು ಬೇಡ ಅಂದ್ರು. ಮರುವರ್ಷ ಮದ್ವೆ."

ಇದನ್ನು ಅವಳು ಇವತ್ತಿನ ಮೀನಿನ ರೇಟು ಹೇಳುವಂತೆ ಹೇಳಿದಳು.

ಮೇಘನಾ ಪಕ್ಕದಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಫಾರ್ಮು ತಂದು, ಪಾಲಕರ ಸಹಿ ಎಂಬಲ್ಲಿ ಬೆರಳಿಟ್ಟಳು. ರಿಸೀವರನ್ನು ಹೆಗಲಿಗೆ ಒತ್ತಿಕೊಂಡೇ ಸಹಿ ಹಾಕಿದೆ.

"ಮೇಘನಾ ಕಾರವಾರಕ್ಕೆ ಹೋಗ್ತಾಳೆ ಅಕ್ಕಾ. ಈಗಷ್ಟೇ ಸಹಿ ಹಾಕ್ದೆ. ಮತ್ತೆ... ತಪ್ಪಾಯ್ತು."

ಆ ಕಡೆಯಿಂದ ಈಗ ನಗು ಕೇಳಿತು. "ಛಲೋ ಆಯ್ತು ತಮಾ. ಹಂಗಾರೆ ನನ್ನ ಟ್ರೇನಿಂಗಿಗೆ ಯಾವಾಗ ಕಳಸ್ತೀಯಾ?"