ಮನೆಬಸ್ಸಿನ ಬಚ್ಚಲಲ್ಲಿದ್ದ ಅಂಗಿ

ಭೀಮಗೊಂಡ ಸಾವಕಾರರ ಮೇಲೆ ಲಗಮಪ್ಪನಿಗೆ ಇವತ್ತಿಗೂ ಸಿಟ್ಟು. ಬಚ್ಚಲಲ್ಲಿ ತೂಗುಹಾಕಿದ ಅಂಗಿ ತೀರಿಹೋದ ಮಗನದು, ಮುಟ್ಟಬೇಡ ಎಂದು ಒಂದು ಮಾತು ಹೇಳಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು? ಬಡಿಗನಿಗೆ ಹೇಳಿದ್ದರಂತೆ, ಬಣ್ಣದವನಿಗೆ ಹೇಳಿದ್ದರಂತೆ. ನಳದ ಕೆಲಸದ ಲಗಮಪ್ಪನಿಗೆ ಹೇಳಲಿಲ್ಲ.

ತೊಂಬತ್ತಮೂರನೇ ಇಸವಿಯ ಮಾತು. ಐಗಳಿಯ ಸಾವಕಾರರ ಒಬ್ಬನೇ ಮಗ, ಉತ್ತಮನೆಂಬವನು, ಹಿಂದಿನ ವರ್ಷ ದ್ರಾಕ್ಷಿ ತೋಟದಲ್ಲಿ ಕರೆಂಟು ಹೊಡೆದು ಸತ್ತಿದ್ದ. ತಾಯಿ ಕಾಶಿಬಾಯಿಗೆ ಆ ಮನೆಯೊಳಗೆ ತುತ್ತು ಇಳಿಯದಾಯಿತು. ಊರೂರ ಬಸದಿ ನೋಡುತ್ತ ತಿರುಗೋಣವೆಂದು ಸಾವಕಾರರು ಹಳೇ ಬಸ್ಸೊಂದನ್ನು ತಂದು, ಸೀಟು ಕೀಳಿಸಿ, ಮಂಚ, ಒಲೆ, ಬಚ್ಚಲು ಮಾಡಿಸಿದರು. ಕಾಶಿಬಾಯಿಗೆ ಬಟ್ಟೆ ಹಿಂಡಲಾಗುತ್ತಿರಲಿಲ್ಲ. ಅದಕ್ಕೇ ವಾಷಿಂಗ್ ಮಷಿನ್.

ಹಾರೂಗೇರಿಯ ಲಗಮಪ್ಪ ಇಡೀ ದಿನ ಹೆಣಗಿದ. ಬಾಗಿಲು ಇಕ್ಕಟ್ಟು, ಚೌಕಟ್ಟು ಕೊಯ್ದು ಮಷಿನ್ ಒಳಗೆ ತೂರಿಸಿದ. ಬಸ್ಸು ಓಡುವಾಗ ಅಲುಗದಂತೆ ಕೆಳಗೆ ರಬ್ಬರು ಹಾಸಿ, ಕಬ್ಬಿಣದ ಪಟ್ಟಿ ಬಿಗಿದು ನೆಲಕ್ಕೆ ಬೋಲ್ಟು ಹಾಕಿದ. ಮೇಲಿನ ಟಾಕಿಯಿಂದ ನೀರಿನ ಪೈಪು ಇಳಿಸಿದ. ಹೊಲಸು ನೀರು ಹೋಗಲು ನೆಲಕ್ಕೆ ತೂತು ಕೊರೆದ. ಇನ್ನು ತಿರುಗಿಸಿ ನೋಡುವುದಷ್ಟೇ.

ಅಪಶಕುನವೆಂದು ಖಾಲಿ ತೊಟ್ಟಿಲು ತೂಗಗೊಡದ, ಖಾಲಿ ಬೀಸುಕಲ್ಲು ತಿರುಗಿಸಗೊಡದ ತಾಯಿಯ ಕೈಯಲ್ಲಿ ಬೆಳೆದವನು ಲಗಮಪ್ಪ. ಹೊಸ ಮಷಿನನ್ನು ಖಾಲಿ ತಿರುಗಿಸಲು ಮನಸ್ಸಾಗಲಿಲ್ಲ. ಬಾಗಿಲ ಹಿಂದೆ, ಮಗ ಮನೆಯಲ್ಲಿ ತೂಗುಹಾಕುತ್ತಿದ್ದಂಥದೇ ಜಾಗದಲ್ಲಿ, ಕಾಶಿಬಾಯಿ ತೂಗುಹಾಕಿದ್ದ ನೀಲಿ ಗೀರಿನ ಅಂಗಿ ಕಂಡಿತು. ಕೊರಳಪಟ್ಟಿಯೆಲ್ಲ ಎಣ್ಣೆಜಿಡ್ಡು. ಎಳೆದು ಒಳಗೆ ಹಾಕಿ, ಸೋಪಿನ ಪುಡಿ ಸುರಿದು ಗುಂಡಿ ತಿರುಗಿಸಿದ.

ಚಹಾ ತಂದ ಕಾಶಿಬಾಯಿ ಬರೀ ಮೊಳೆ ನೋಡಿದಳು.

"ಅಂಗಿ ಎಲ್ಲೈತೋ ತಮ್ಮಾ?"

"ಮಷಿನ್‌ದಾಗ ಹಾಕೇನ್ರಿ ಅಕ್ಕಾರ. ಖಾಲಿ ತಿರಗಸಬಾರದಲ್ರಿ. ಎಷ್ಟ ಹೊಲಸಾಗಿತ್ತಂತೀರಿ!"

ಅವಳು ಚಹಾ ಕೆಳಗಿಟ್ಟಳು. ಮಷಿನ್ ನಿಲ್ಲುವ ತನಕ ಹೊಸ್ತಿಲ ಮೇಲೆ ಕೂತಳು. ಆಮೇಲೆ ಒದ್ದೆ ಅಂಗಿ ತೆಗೆದು ಮುಖಕ್ಕೆ ಒತ್ತಿಕೊಂಡಳು.

"ಪುಡಿ ವಾಸನಿ ಬರತೈತಿ," ಎಂದಳು. "ಬರೇ ಪುಡಿ ವಾಸನಿ."

ಓಡಿಬಂದ ಸಾವಕಾರರು ಲಗಮಪ್ಪನ ರಟ್ಟೆ ಹಿಡಿದು ಜಗ್ಗಿದರು. "ಏ ಕತ್ತೀ, ನನ್ನ ಮಗನ ಅಂಗಿಲೇ ಅದು! ಅವನ ಮೈವಾಸನಿ ಅಷ್ಟs ಉಳದಿತ್ತು ನಮಗ!"

"ನನಗ ಹೇಳಿದ್ರೇನ್ರಿ? ಕನಸ ಬಿದ್ದಿತ್ತೇನ ನನಗ?" ಲಗಮಪ್ಪನೂ ಏರಿಹೋದ.

"ಬಿಡ್ರಿ ಅವನ್ನ," ಎಂದಳು ಕಾಶಿಬಾಯಿ. "ಚಹಾ ಆರತೈತಿ. ಕುಡಿಯಪಾ."

ಅವಳೂ ಬೈದಿದ್ದರೆ ಅರಗಿಸಿಕೊಳ್ಳುತ್ತಿದ್ದ. ಆ ಚಹಾ ಅರಗಲಿಲ್ಲ.

ರಾಯಬಾಗವಿರಲಿ, ನಿಪ್ಪಾಣಿಯಿರಲಿ, ಮಷಿನ್ ಕೂರಿಸಿದಲ್ಲೆಲ್ಲ ಈಗ ಲಗಮಪ್ಪ ತನ್ನ ಮೈಮೇಲಿನ ಅಂಗಿಯನ್ನೇ ಬಿಚ್ಚಿ ಒಳಗೆ ಹಾಕಿ ಬರಿಮೈಯಲ್ಲಿ ನಿಲ್ಲುತ್ತಾನೆ. ಮನೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ನೀರು ಸುತ್ತತೊಡಗಿದರೆ ಎಳೆಯ ಮೈಯ ಬೆವರು, ಕೊಬ್ಬರಿ ಎಣ್ಣೆ ಬೆರೆತ ವಾಸನೆ ಎದ್ದು ಬರುತ್ತದೆ. ಅದು ತನ್ನದಲ್ಲವೆಂದು ಅವನಿಗೆ ಗೊತ್ತು. ಮುಚ್ಚಳ ಒತ್ತಿ ಹಿಡಿದರೂ ಬರುತ್ತದೆ.

ಕಾಶಿಬಾಯಿಯ ಮುಂದೆ ತಪ್ಪೊಪ್ಪಿಕೊಳ್ಳಲು ಎರಡು ಸಲ ಐಗಳಿಗೆ ಹೋದ. ಮೊದಲ ಸಲ ಬಸ್ಸು ಊರಲ್ಲಿರಲಿಲ್ಲ. ಎರಡನೇ ಸಲ ಬಸ್ಸಿತ್ತು, ಅವಳು ತೀರಿಕೊಂಡು ಹದಿನೈದು ದಿನವಾಗಿತ್ತು. "ತಪ್ಪಾತ್ರಿ ಅಕ್ಕಾರ" ಎಂಬ ಅಷ್ಟು ಮಾತು ಅವಳಿಗೆ ಹೇಳುವುದು ಬಾಕಿಯೇ ಉಳಿಯಿತು.