ಹೊರಬೀಡಿನ ದಿನ ಒಳಗಿದ್ದವರು

ಉಪಕೇಂದ್ರಕ್ಕೆ ಕಿರಿಯ ಆರೋಗ್ಯ ಸಹಾಯಕಿಯಾಗಿ ಬಂದ ಮೇಲೆ ಅದು ನನ್ನ ಎರಡನೆಯ ಮಳೆಗಾಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರು ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಹೋಗುವ ರಸ್ತೆ ಬಿಟ್ಟು ಒಳಗೆ, ಎರೆಹೊಲಗಳ ನಡುವೆ. ಮೊದಲ ಮಳೆ ಜೋರಾಗಿ ಸುರಿದು ಎಲ್ಲರೂ ಬಿತ್ತನೆಯ ಅವಸರದಲ್ಲಿದ್ದಾಗ ವಾಂತಿಭೇದಿ ಶುರುವಾಯಿತು. ಮೊದಲು ಒಂದು ಓಣಿಯಲ್ಲಿ ಇಬ್ಬರು ಮೂವರಿಗೆ. ಮಾವಿನಹಣ್ಣು ತಿಂದು ಹೆಚ್ಚಾಗಿದೆ ಎಂದರು. ಮರುದಿನ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಚಕ್ಕಡಿ ಬಂದು ನಿಂತಿತು. ಒಳಗೆ ಒಬ್ಬ ಮುದುಕ, ಕಣ್ಣು ಗುಳಿಬಿದ್ದು ಮಲಗಿದ್ದ. ಕೈಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸೊಸೈಟಿಯ ಫೋನಿನಿಂದ ದವಾಖಾನೆಗೆ ಸುದ್ದಿ ಮುಟ್ಟಿಸಿ ಬಂದು, ಓಆರ್‌ಎಸ್ ಕಲಸಿ ಚಮಚದಲ್ಲಿ ಹನಿಹನಿಯಾಗಿ ಬಿಡುತ್ತಾ ಕೂತೆ. ಕಿವಿಯೆಲ್ಲ ರಸ್ತೆಯ ಕಡೆಗೇ ಇತ್ತು. ಜೀಪು ಬರುವ ಮೊದಲೇ ಮುದುಕ ತೀರಿಕೊಂಡ.

ಜೀಪಿನಲ್ಲಿ ಡಾಕ್ಟರು ಬಂದರು, ಗ್ಲೂಕೋಸ್ ಬಾಟಲಿಯ ಪೆಟ್ಟಿಗೆಗಳೂ ಬ್ಲೀಚಿಂಗ್ ಪೌಡರಿನ ಚೀಲಗಳೂ ಬಂದವು. ಡಾಕ್ಟರಿಗೆ ಒಂದು ಕಡೆ ನಿಂತು ಮಾತಾಡುವ ಅಭ್ಯಾಸವೇ ಇರಲಿಲ್ಲ. ನಡೆಯುತ್ತಲೇ ಕೆಲಸ ಹೇಳುತ್ತಿದ್ದರು. ಶಾಲೆಗೆ ರಜೆ ಕೊಡಿಸಿ, ಬೆಂಚುಗಳನ್ನು ಹೊರಗೆ ಹಾಕಿ, ನೆಲಕ್ಕೆ ಜಮಖಾನ ಹಾಸಿದೆವು. ಕಿಟಕಿಯ ಸರಳಿನಿಂದ ಸರಳಿಗೆ ಹಗ್ಗ ಕಟ್ಟಿ ಬಾಟಲಿ ತೂಗುಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬಿ ವರಾಂಡಕ್ಕೂ ಹರಡಿತು. ಹೆಲ್ತ್ ಇನ್ಸ್‌ಪೆಕ್ಟರು ನೀರಿನ ಪೈಪಿನ ಗುಂಟ ನಡೆದು ಹೋಗಿ ಬಂದು, ಟ್ಯಾಂಕಿನ ಹತ್ತಿರ ಪೈಪು ಚರಂಡಿಯೊಳಗೇ ಹಾದಿದೆ, ಅಲ್ಲೇ ಒಡೆದಿದೆ ಎಂದರು.

ರೋಗದ ಮೂಲ ಸಿಕ್ಕಿದ್ದರಿಂದ ಕೆಲಸ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನಾವು ವಾಲ್ವ್ ಮುಚ್ಚಿ ಬೆನ್ನು ತಿರುಗಿಸಿದರೆ ಯಾರೋ ತೆರೆಯುತ್ತಿದ್ದರು.

"ನಲ್ಲಿ ಬಂದ್ ಮಾಡಿ ಹೋದ್ರ ನಾವೇನು ಕುಡಿಯೋಣು? ದನಕ್ಕೇನು ಕುಡಿಸೋಣು?" ಎಂದು ಹೆಂಗಸರು ಕೊಡ ಹಿಡಿದು ನನ್ನನ್ನು ಸುತ್ತುಗಟ್ಟುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಟ್ಯಾಂಕರಿನ ನೀರು ಯಾವ ಓಣಿಗೂ ಸಾಲುತ್ತಿರಲಿಲ್ಲ. ಕ್ಲೋರಿನ್ ಮಾತ್ರೆ ಕೊಟ್ಟರೆ, ವಾಸನೆ ಹೊಡೀತೈತಿ ಎಂದು ತಿಪ್ಪೆಗೆ ಎಸೆಯುತ್ತಿದ್ದರು. ನಾನು ಒಂದು ಮನೆಯಲ್ಲಿ ನಿಂತಿದ್ದರೆ ಮನಸ್ಸು ಮುಂದಿನ ಮನೆಯಲ್ಲಿರುತ್ತಿತ್ತು.

ಹಾಗೆ ತಿರುಗುವಾಗಲೇ ಒಂದು ಹೊಸ್ತಿಲ ಮುಂದೆ ನಿಂತು ಕೇಳಿದೆ, "ಮಗಳು ಹ್ಯಾಂಗ ಅದಾಳ್ರಿ?" ಆ ಹುಡುಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಸ್ವಲ್ಪ ದಿನದ ಹಿಂದೆ ನಾನೇ ಹೆರಿಗೆ ಮಾಡಿಸಿದ್ದೆ, ಹೆಣ್ಣುಕೂಸು.

ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತೇ, "ಗಂಡನ ಮನಿಗೆ ಕಳಿಸೀವ್ರಿ, ಹರಪನಹಳ್ಳಿ ಕಡೆಗೆ. ಇಲ್ಲಿ ಹಿಂಗಾಗೇತಲ್ಲ" ಎಂದಳು.

ಹಸಿ ಬಾಣಂತಿಯನ್ನು ಇಷ್ಟು ಬೇಗ ಯಾರು ಕಳಿಸುತ್ತಾರೆ? ಒಳಗಿನಿಂದ ಬಾಣಂತಿಗೆ ಹಾಕುವ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಬೇರೆ ಬರುತ್ತಿತ್ತು. ಇನ್ನೊಂದು ಮಾತು ಕೇಳಬೇಕೆನ್ನುವಷ್ಟರಲ್ಲಿ ಎದುರು ಓಣಿಯಿಂದ ಕೂಗು ಬಂತು, ಓಡಿದೆ.

ಮರುದಿನ ಊರ ಹಿರಿಯರು ಶಾಲೆಗೆ ಬಂದರು. ಎಲ್ಲರ ಪರವಾಗಿ ಮಾತಾಡುವವರು ಬಿಳಿಮೀಸೆಯ ಒಬ್ಬ ಗೌಡರು. ಮಂಗಳವಾರ ಹೊರಬೀಡು ಮಾಡುತ್ತೇವೆ ಎಂದರು. ಊರಿಗೆ ಬೇನೆ ಬಂದಾಗ ಆ ಕಡೆ ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಹೊತ್ತು ಹುಟ್ಟುವ ಮುಂಚೆ ಮಂದಿ, ದನ, ಕೋಳಿ ಎಲ್ಲ ಊರು ಬಿಟ್ಟು ಹೊಲಗಳಿಗೆ ಹೋಗಬೇಕು. ಊರ ಹೆಬ್ಬಾಗಿಲಾದ ಅಗಸಿಗೆ ಮುಳ್ಳು ಬಡಿಯುತ್ತಾರೆ. ಸಂಜೆ ಊರಮ್ಮನಿಗೆ ಪೂಜೆ ಮಾಡಿಯೇ ಒಳಗೆ ಬರಬೇಕು.

"ಒಬ್ರೂ ಒಳಗ ಇರಬಾರ್ದು, ಒಲಿ ಹತ್ತಬಾರ್ದು" ಎಂದರು ಗೌಡರು.

"ಇವರನ್ನೇನು ಮಾಡಲಿ ಗೌಡ್ರೆ? ಬಾಟಲಿ ಹಚ್ಚಿದವರನ್ನ ಎತ್ತಿಕೊಂಡು ಹೊಲಕ್ಕೆ ಹೋಗೋಕಾಗುತ್ತಾ?" ಡಾಕ್ಟರ ದನಿ ಗಡುಸಾಗಿತ್ತು.

ಗೌಡರು ಹೊರಗೆ ಬಂದು, ಅಗಸಿಯ ಕಡೆ ನೋಡಿ, ಶಾಲೆಯ ಕಡೆ ನೋಡಿದರು. "ಸಾಲಿ ಅಗಸಿ ಹೊರಗೈತಿ. ಇಲ್ಲಿದ್ದವರು ಊರಾಗ ಇದ್ದಂಗಲ್ಲ."

ಡಾಕ್ಟರು ಅಷ್ಟಕ್ಕೇ ಸುಮ್ಮನಾಗುತ್ತಾರೆ ಎಂದುಕೊಂಡೆ. ಅವರು ವರಾಂಡದ ಆ ತುದಿಯವರೆಗೆ ನಡೆದು ತಿರುಗಿ ಬಂದರು. ಇಡೀ ದಿನ ಯಾರೂ ನಲ್ಲಿ ತಿರುಗಿಸುವುದಿಲ್ಲ ಎಂಬುದು ಅವರಿಗೆ ಹೊಳೆದಿತ್ತು. "ಗೌಡ್ರೆ, ಅವತ್ತು ಪೈಪು ಬದಲಿಸಿ ಟ್ಯಾಂಕು ತೊಳೀತೀವಿ. ನಮ್ಮನ್ನ ಒಳಗೆ ಬಿಡ್ತೀರಾ? ಒಲೆ ಹಚ್ಚಲ್ಲ."

ಗೌಡರು ಮೀಸೆಯೊಳಗೇ ನಕ್ಕರು. "ಕಾವಲಿನವರು ಇರಬಹುದ್ರಿ ಮೊದಲಿಂದಾನೂ. ನಿಮ್ಮನ್ನೂ ಅದ್ರಾಗ ಸೇರಿಸ್ಕಂತೀವಿ."

ಸೋಮವಾರವೆಲ್ಲ ಮಂದಿ ಬೀಡುಬಿಡುವ ಹೊಲಗಳ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಕಲಸಿ ಇಳಿಸಿದೆವು. ಮಂಗಳವಾರ ಬೆಳಿಗ್ಗೆ ಊರು ಖಾಲಿಯಾಯಿತು. ನೀರುಗಂಟಿಯೂ ಫಿಟ್ಟರೂ ಪೈಪು ಅಗೆಯತೊಡಗಿದರು. ನಾನು ಓಣಿಯ ನೀರಿನ ಗುಮ್ಮಿಗಳಿಗೂ ದನದ ತೊಟ್ಟಿಗಳಿಗೂ ಪೌಡರು ಹಾಕುತ್ತಾ ಓಣಿಯಿಂದ ಓಣಿಗೆ ಹೋದೆ. ನಾಯಿಯೂ ಇರಲಿಲ್ಲ. ನನ್ನ ಚಪ್ಪಲಿಯ ಸಪ್ಪಳಕ್ಕೆ ನಾನೇ ಬೆಚ್ಚಿ ಹಿಂದೆ ನೋಡುತ್ತಿದ್ದೆ. ಆ ಮನೆಯ ಮುಂದೆ ಬಂದಾಗ ಬಾಗಿಲಿಗೆ ಬೀಗವಿತ್ತು. ಒಳಗೆ ಕೂಸು ಅಳುತ್ತಿತ್ತು.

ಬಾಗಿಲು ಬಡಿದೆ. ಅಳು ತಟ್ಟನೆ ನಿಂತಿತು, ಯಾರೋ ಎದೆಗೆ ಒತ್ತಿಕೊಂಡ ಹಾಗೆ.

"ನಾನು ನರ್ಸಮ್ಮ. ಕೂಸಿನ ದನಿ ಕೇಳೇತಿ."

ಒಳಗಿನಿಂದ ಹುಡುಗಿಯ ತಾಯಿಯ ದನಿ ಬಂತು. "ಹೋಗ್ರಿ ಯಮ್ಮಾ, ಯಾರ ಮುಂದೂ ಹೇಳಬ್ಯಾಡ್ರಿ. ಬಾಣಂತಿನ ಗಾಳ್ಯಾಗ ಹ್ಯಾಂಗ ಒಯ್ಯೋದು? ಸಾಲಿಗೆ ಹೋದವರು ತಿರುಗಿ ಬರಂಗಿಲ್ಲ ಅಂತಾರ. ಅವರಪ್ಪ ಬೀಗ ಹಾಕ್ಕೊಂಡು ಹೋಗ್ಯಾನ."

"ಮಗಳು ಹ್ಯಾಂಗ ಅದಾಳ, ಅದನ್ನ ಹೇಳ್ರಿ."

ಈ ಸಲ ಅಳುವ ದನಿಯಲ್ಲಿ ಅಂದಳು, "ರಾತ್ರಿಯಿಂದ ಹೊಟ್ಟಿ ಕೆಟ್ಟೈತ್ರಿ. ಈಗ ಕರದ್ರ ಓ ಅನ್ನವಲ್ಲಳು."

ಡಾಕ್ಟರಿದ್ದ ಟ್ಯಾಂಕಿನ ತನಕ ಓಡಿದೆ. ಡಾಕ್ಟರು ಬಂದವರೇ ಬೀಗ ಹಿಡಿದು ನೋಡಿದರು. ಊರವರು ನಂಬಿ ಊರನ್ನೇ ಬಿಟ್ಟುಕೊಟ್ಟಿದ್ದರು. ಅಂಥ ದಿನ ಒಂದು ಮನೆಯ ಬೀಗ ಒಡೆದರೆ ಮುಂದೆ ಆ ಊರಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ? ಅವಳ ಅಪ್ಪ ಯಾವ ಹೊಲದಲ್ಲಿದ್ದಾನೋ, ಹುಡುಕಿ ತರುವಷ್ಟು ಹೊತ್ತು ಇರಲಿಲ್ಲ.

ನಾನು ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದೆ, "ಅಮ್ಮಾ, ನೀವು ಹೂಂ ಅಂದ್ರ ಒಡಿತೀವಿ. ನೀವು ಅನ್ನಬೇಕು."

"ಒಡೀರಿ" ಎಂದಳು.

ನೀರುಗಂಟಿ ಸುತ್ತಿಗೆಯಿಂದ ಎರಡು ಏಟು ಹಾಕಿದ. ಒಳಗೆ ಕತ್ತಲೆ, ಸೆಕೆ, ಹುಳಿವಾಸನೆ. ಹುಡುಗಿಯ ಕೈ ತಣ್ಣಗಿತ್ತು, ನಾಡಿ ಸಿಗಲಿಲ್ಲ. ಹೊರಸಿನ ಸಮೇತ ಎತ್ತಿಕೊಂಡು ಅಗಸಿಯ ಮುಳ್ಳು ಸರಿಸಿ ಶಾಲೆಗೆ ಒಯ್ದರು. ನಾನು ಕೂಸನ್ನು ಎತ್ತಿಕೊಂಡು ಹಿಂದೆ ಓಡಿದೆ. ನರ ಹುಡುಕುವುದಕ್ಕೇ ಡಾಕ್ಟರು ಬೆವೆತುಹೋದರು. ಕೊನೆಗೆ ಕಾಲಿನಲ್ಲಿ ಸಿಕ್ಕಿತು. ಬಾಟಲಿಯ ಮೇಲೆ ಬಾಟಲಿ ಹೋಯಿತು. ಹೊತ್ತು ಇಳಿಯುವ ಹೊತ್ತಿಗೆ ಕಣ್ಣು ತೆರೆದು, "ಕೂಸೆಲ್ಲಿ?" ಎಂದು ಕೇಳಿದಳು. ಮೂತ್ರ ಇನ್ನೂ ಆಗಿರಲಿಲ್ಲ, ಕಿಡ್ನಿಗೆ ಪೆಟ್ಟು ಬಿದ್ದಿರಬಹುದೆಂದು ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ಕಳಿಸಿದೆವು. ತಾಯಿಯೂ ಕೂಸಿನೊಂದಿಗೆ ಹೊರಟಳು.

ಸಂಜೆ ಮಂದಿ ಅಗಸಿಯ ಮುಂದೆ ಸೇರಿದಾಗ ಸುದ್ದಿ ಆಗಲೇ ಹರಡಿತ್ತು. ಊರೊಳಗೆ ಮನುಷ್ಯರಿದ್ದರು, ಹೊರಬೀಡು ಕೆಟ್ಟಿತು ಎಂದು ಗದ್ದಲ ಎದ್ದಿತು. ಹುಡುಗಿಯ ಅಪ್ಪ ತಲೆತಗ್ಗಿಸಿ ನಿಂತಿದ್ದ. ಗೌಡರು ನನ್ನನ್ನು ಕರೆದು ಕೇಳಿದರು, "ಒಲಿ ಹಚ್ಚಿದ್ರೇನಮ್ಮ ಆ ಮನ್ಯಾಗ?"

"ಇಲ್ರಿ. ಕುಡಿಯೋ ನೀರೂ ಕಾಸಿರಲಿಲ್ಲ."

"ಒಲಿ ಹತ್ತಿಲ್ಲಂದ್ರ ಊರು ಖಾಲಿನ ಇತ್ತು. ನಡೀರಿ, ಪೂಜಿಗೆ ಹೊತ್ತಾತು" ಎಂದು ಗೌಡರು ಮುಂದೆ ನಡೆದರು. ಕೆಲವರು ಗೊಣಗುತ್ತಲೇ ಹಿಂದೆ ಹೋದರು.

ಹೊಸ ಪೈಪಿನ ನೀರು ಬಂದ ಮೇಲೆ ಶಾಲೆಗೆ ಬರುವವರು ಕಡಿಮೆಯಾಗುತ್ತಾ ಹೋಗಿ ವಾರದೊಳಗೆ ನಿಂತೇಹೋದರು. ಊರಮ್ಮ ಒಲಿದಳು ಎಂದರು ಮಂದಿ. ಡಾಕ್ಟರು, "ಅನ್ನಲಿ ಬಿಡಮ್ಮ, ನೀರು ಕಾಸಿ ಕುಡೀಲಿ ಸಾಕು" ಎಂದು ಜೀಪು ಹತ್ತಿದರು. ನನಗೆ ಮಾತ್ರ ಆ ಮಳೆಗಾಲವಿಡೀ ನೆಮ್ಮದಿ ಇರಲಿಲ್ಲ. ಮುಚ್ಚಿದ ಬಾಗಿಲು ಕಂಡರೆ ನಿಲ್ಲುತ್ತಿದ್ದೆ, ಕಿವಿಗೊಡುತ್ತಿದ್ದೆ. ಒಳಗೆ ಕರೆಯದಿದ್ದರೂ ಹೋಗಿ ನೋಡಿ ಬರುತ್ತಿದ್ದೆ. ಹೆಂಗಸರು ನಗುತ್ತಿದ್ದರು.

ಆ ಹುಡುಗಿ ಚೇತರಿಸಿಕೊಂಡು ಬಂದು, ಮಗುವಿಗೆ ಇಂಜೆಕ್ಷನ್ ಹಾಕಿಸಲು ಒಂದು ಗುರುವಾರ ಉಪಕೇಂದ್ರಕ್ಕೆ ಬಂದಳು. ಅವಳ ಅಪ್ಪ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದುದು ನೆನಪಾಗಿ, "ನಿಮ್ಮಪ್ಪಗ ಇನ್ನೂ ಸಿಟ್ಟೇನು?" ಎಂದೆ.

"ಸಿಟ್ಟಲ್ರಿ. ನಿಮ್ಮ ಮುಖ ನೋಡಾಕ ನಾಚಿಗಿ ಅವಗ" ಎಂದು, ಕೂಸಿನ ತೊಡೆಯನ್ನು ನನ್ನ ಕಡೆಗೆ ತಿರುಗಿಸಿ ಸೂಜಿ ಚುಚ್ಚುವುದನ್ನು ನೋಡಲಾರದೆ ತಾನು ಗೋಡೆಯ ಕಡೆ ಮುಖ ಮಾಡಿದಳು.